ಸಹಾಯ ಬೇಕು: ಗ್ರಂಥಪಾಲಕರ ಸಂಶೋಧನಾ ಲೇಖನ ಎಲ್ಲಿಗೆ ಕಳಿಸಲಿ?

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜೊಂದರ ಗ್ರಂಥಪಾಲಕಿ. ನಮ್ಮ ಗ್ರಂಥಾಲಯ ನಿರ್ವಹಣೆಯ ಕೋಹಾ ತಂತ್ರಾಂಶದಲ್ಲಿರುವ ಎರವಲು ದಾಖಲೆ ಇಟ್ಟುಕೊಂಡು ಲೇಖನ ಬರೆಯುತ್ತಿದ್ದೇನೆ. ಪರೀಕ್ಷೆ ಹತ್ತಿರ ಬಂದಾಗ ಗೈಡುಗಳಿಗೆ ಮುಗಿಬೀಳುವ ಮಕ್ಕಳೇ ರಜೆಗೆ ಮುಂಚೆ ಕನ್ನಡ ಕಾದಂಬರಿ ಒಯ್ಯುತ್ತಾರೆ. ಇದನ್ನು ಕೌಂಟರಿನಲ್ಲಿ ಕೂತು ನೋಡಿದವರೇ ಬರೆಯಬೇಕು ಅಲ್ವಾ?

ಯುಜಿಸಿ 2025ರಲ್ಲಿ ಕೇರ್ ಪಟ್ಟಿ (ಮಾನ್ಯ ಸಂಶೋಧನಾ ಪತ್ರಿಕೆಗಳ ಪಟ್ಟಿ) ನಿಲ್ಲಿಸಿದ ಮೇಲೆ ಯಾವ ಪತ್ರಿಕೆ ನಂಬಬೇಕೋ ತಿಳಿಯುತ್ತಿಲ್ಲ. ದುಡ್ಡು ಕಟ್ಟಿದರೆ ವಾರದಲ್ಲೇ ಪ್ರಕಟಿಸುತ್ತೇವೆ ಅನ್ನುವ ಮೇಲ್‌ಗಳೇ ಜಾಸ್ತಿ. ಅಂಥವು ಖಂಡಿತ ಬೇಡ. ಗ್ರಂಥಾಲಯ ವಿಜ್ಞಾನದ ಪತ್ರಿಕೆಯಾದ ಡೆಸಿಡಾಕ್ ಜರ್ನಲ್‌ಗೆ ಕಳಿಸಿದವರಿದ್ದರೆ, ಪರಿಶೀಲನೆಗೆ ಎಷ್ಟು ಸಮಯ ಹಿಡಿಯಿತು ಹೇಳಿ. ವಿದ್ಯಾರ್ಥಿಗಳ ಹೆಸರು, ಕಾರ್ಡ್ ನಂಬರ್ ತೆಗೆದಿದ್ದೇನೆ. ಆದರೂ ಪ್ರಾಂಶುಪಾಲರ ಲಿಖಿತ ಅನುಮತಿ ಬೇಕಾ? ಕರಡು ಓದಿ ತಪ್ಪು ತೋರಿಸುವವರು ಸಿಕ್ಕರೆ ದೊಡ್ಡ ಉಪಕಾರ.