ಚದುರಂಗದ ಅಕ್ಕಿಕಾಳು: 20 ಅಂಕಿಯ ಸಂಖ್ಯೆಯನ್ನು ಒಡೆಯುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ಚದುರಂಗದ ಮೊದಲ ಮನೆಗೆ ಒಂದು ಅಕ್ಕಿಕಾಳು, ಆಮೇಲೆ ಎರಡು, ನಾಲ್ಕು, ಎಂಟು, ಹೀಗೆ 64 ಮನೆಗೂ ದುಪ್ಪಟ್ಟು ಮಾಡುತ್ತಾ ಹೋಗುವ ಕತೆ ಇದೆ ಅಲ್ವಾ? ಒಟ್ಟು 18446744073709551615 ಕಾಳು. ಇದು ಅವಿಭಾಜ್ಯ ಸಂಖ್ಯೆಯಾ ಅಂತ ಒಂಬತ್ತನೇ ಕ್ಲಾಸಿನ ಮಗಳು ಕೇಳಿದಳು. ಕೊನೆಗೆ 5 ಇದೆ, ಆದ್ದರಿಂದ ಅಲ್ಲ ಅಂದೆ. "ಹಾಗಾದ್ರೆ ಪೂರ್ತಿ ಒಡೆದು ತೋರಿಸು" ಅಂತ ಕೂತಿದ್ದಾಳೆ. ನಮ್ಮ ಕ್ಯಾಲ್ಕುಲೇಟರ್‌ನಲ್ಲಿ ಇಷ್ಟು ಅಂಕಿ ಹಿಡಿಸುವುದೇ ಇಲ್ಲ.

ಉತ್ತರ (ಗಣಿತ ಉಪನ್ಯಾಸಕಿ): ಕ್ಯಾಲ್ಕುಲೇಟರ್ ಬದಿಗಿಡಿ. ಅವಳ ಪಾಠದಲ್ಲೇ ಇರುವ ಎ ಸ್ಕ್ವೇರ್ ಮೈನಸ್ ಬಿ ಸ್ಕ್ವೇರ್ ಸೂತ್ರ ಸಾಕು: ಅದು (ಎ − ಬಿ) × (ಎ + ಬಿ)ಗೆ ಸಮ.

ಮೊದಲು ಆ ರಾಶಿಗೆ ಇನ್ನೊಂದು ಕಾಳು ಸೇರಿಸಿ. ಮೊದಲ ಮನೆಯ ಒಂದರ ಜೊತೆ ಸೇರಿ ಎರಡಾಯಿತು. ಎರಡನೇ ಮನೆಯ ಎರಡು ಸೇರಿ ನಾಲ್ಕು. ಮುಂದೆ ಎಂಟು. ಹೀಗೆ ಕೊನೆ ಮುಟ್ಟುವಾಗ 2ನ್ನು 64 ಸಲ ಗುಣಿಸಿದ ಸಂಖ್ಯೆ ಬರುತ್ತದೆ. ಅದು 4294967296ರ ವರ್ಗ. ಸೇರಿಸಿದ ಆ ಒಂದು ಕಾಳನ್ನು (1 ಕೂಡ 1ರ ವರ್ಗವೇ) ವಾಪಸ್ ತೆಗೆದರೆ, ಸೂತ್ರದ ಪ್ರಕಾರ ನಮ್ಮ ಸಂಖ್ಯೆ:

4294967295 × 4294967297

4294967296 ಕೂಡ ಒಂದು ವರ್ಗವೇ, 65536ರದ್ದು. ಹಾಗಾಗಿ ಎಡಗಡೆಯದು 65535 × 65537. ಮತ್ತೆ 65535 ಎಂದರೆ 255 × 257. 255 ಎಂದರೆ 15 × 17. 15 ಎಂದರೆ 3 × 5. ಒಂದೇ ಸೂತ್ರ, ಸರಸರ ಬಿಚ್ಚಿಕೊಂಡಿತು! ನನಗೆ ತುಂಬಾ ಇಷ್ಟವಾದ ಲೆಕ್ಕ ಇದು.

ಪ್ರಶ್ನೆ: ಬಲಗಡೆಯ 4294967297 ಹಾಗೇ ಉಳಿಯಿತಲ್ಲ ಮೇಡಂ?

ಉತ್ತರ: ಅಲ್ಲೇ ಇರುವುದು ನಿಜವಾದ ಕಷ್ಟ. 3, 5, 17, 257, 65537 ಎಲ್ಲವೂ ಅವಿಭಾಜ್ಯ. ಅದೇ ಸಾಲಿನ ಮುಂದಿನದು 4294967297. ಅದೂ ಅವಿಭಾಜ್ಯವೇ ಎಂದು 17ನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದನ್ನು ಒಡೆದರು: 641 × 6700417.

641 ಸಿಗುವುದು ಹೇಗೆ? ಸುಮ್ನೆ ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತಾ ಹೋಗಬೇಕಿಲ್ಲ. 4294967297ನ್ನು ಭಾಗಿಸುವ ಯಾವ ಅವಿಭಾಜ್ಯವೇ ಆಗಲಿ, ಅದನ್ನು 128ರಿಂದ ಭಾಗಿಸಿದಾಗ 1 ಉಳಿಯಲೇಬೇಕು. ಇದರ ಸಾಧನೆ ಕಾಲೇಜಿಗೆ ಬಂದಮೇಲೆ ಕಲಿಯುತ್ತಾಳೆ. ಆದರೆ ಈಗಲೇ ಬಳಸಬಹುದು. ಅಂಥ ಅವಿಭಾಜ್ಯಗಳಲ್ಲಿ ಮೊದಲನೆಯದು 257, ಅದು ಭಾಗಿಸುವುದಿಲ್ಲ. ಎರಡನೆಯದೇ 641!

6700417 ಅವಿಭಾಜ್ಯವೇ ಅಂತ ಮಗಳು ಬಿಡದೆ ಕೇಳಿದರೆ, ಅವಳ ಕೈಯಲ್ಲೇ ಮಾಡಿಸಿ. ಅದರ ವರ್ಗಮೂಲ 2589ಕ್ಕಿಂತ ಕಡಿಮೆ. ಅದನ್ನು ಭಾಗಿಸುವುದು 4294967297ನ್ನೂ ಭಾಗಿಸುತ್ತದೆ, ಆದ್ದರಿಂದ 257 ಆಗಲೇ ಹೊರಗಾಯಿತು; ಅದೇ ನಿಯಮದ ಪ್ರಕಾರ 641, 769, 1153, 1409 ಈ ನಾಲ್ಕರಿಂದ ಭಾಗಿಸಿ ನೋಡಿದರೆ ಸಾಕು. ಯಾವುದರಿಂದಲೂ ಹೋಗುವುದಿಲ್ಲ.

ಪ್ರಶ್ನೆ: ನಾಲ್ಕೂ ಮಾಡಿದಳು ಮೇಡಂ, ಶೇಷ ಉಳಿಯಿತು! ಹಾಗಾದ್ರೆ ಅಕ್ಕಿಕಾಳಿನ ಆ 20 ಅಂಕಿಯ ಸಂಖ್ಯೆಗೆ ಒಟ್ಟು ಎಷ್ಟು ಭಾಜಕಗಳು?

ಉತ್ತರ: 3, 5, 17, 257, 641, 65537, 6700417. ಏಳು ಅವಿಭಾಜ್ಯಗಳು, ಪ್ರತಿಯೊಂದೂ ಒಂದೇ ಸಲ. ಒಂದು ಭಾಜಕ ಕಟ್ಟುವಾಗ ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು. ಅಂದರೆ 2ನ್ನು ಏಳು ಸಲ ಗುಣಿಸಿದಷ್ಟು, 128. ಚದುರಂಗದ ಎಂಟನೇ ಮನೆಯಲ್ಲಿ ಎಷ್ಟು ಕಾಳು ಬೀಳುತ್ತದೆ ಅಂತ ಅವಳನ್ನೇ ಕೇಳಿ.