25 ವರ್ಷ ದಾಟಿದ ವಿಸ್ಕಿ: ಶೆರ್ರಿ, ಬರ್ಬನ್, ರೀಫಿಲ್ ಪೀಪಾಯಿಗಳನ್ನು ಹೋಲಿಸುವುದು ಹೇಗೆ?

ಬದಿಯಡ್ಕದವ

ಮೂರು ಸ್ಯಾಂಪಲ್ ಉಂಟು, ತಲಾ 60 ಎಂ.ಎಲ್. ಮೂರೂ ಸ್ಕಾಟ್ಲೆಂಡಿನ ಸ್ಪೇಸೈಡ್ ಪ್ರದೇಶದ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿ), ಒಂದೊಂದೂ ಒಂದೇ ಪೀಪಾಯಿಯದ್ದು, ಹೊಗೆಯ ವಾಸನೆ ಇಲ್ಲದವು.

ಎ: 25 ವರ್ಷ, ಫಸ್ಟ್ ಫಿಲ್ ಒಲೊರೊಸೊ ಶೆರ್ರಿ ಬಟ್ (ಒಲೊರೊಸೊ ಎಂಬ ಸ್ಪೇನಿನ ಶೆರ್ರಿ ವೈನ್ ಇದ್ದ, ವಿಸ್ಕಿಗೆ ಮೊದಲ ಸಲ ಬಳಸಿದ ದೊಡ್ಡ ಪೀಪಾಯಿ), ಆಲ್ಕೋಹಾಲ್ ಶೇ. 52.6
ಬಿ: 26 ವರ್ಷ, ಬರ್ಬನ್ ಹಾಗ್ಸ್‌ಹೆಡ್ (ಅಮೆರಿಕದ ಬರ್ಬನ್ ವಿಸ್ಕಿ ಇದ್ದ, ಬಟ್‌ಗಿಂತ ಚಿಕ್ಕ ಪೀಪಾಯಿ), ಶೇ. 48.1
ಸಿ: 32 ವರ್ಷ, ರೀಫಿಲ್ ಹಾಗ್ಸ್‌ಹೆಡ್ (ಮೊದಲೇ ವಿಸ್ಕಿ ತುಂಬಿ ಬಳಸಿದ್ದು), ಶೇ. 43.4

ನಾಲ್ಕು ಜನ, ಅಂದರೆ ಒಬ್ಬರಿಗೆ 15 ಎಂ.ಎಲ್. ಯಾವುದು ಮೊದಲು? ನೀರು ಹಾಕಬೇಕಾ? ಈ ಏಪ್ರಿಲ್ ಸೆಕೆಯಲ್ಲಿ ಕೂತರೆ ಪ್ರಯೋಜನ ಉಂಟಾ? ಇನ್ನೊಂದು ಸಂಶಯ: ಎ ಕರಿಚಾಯದ ಬಣ್ಣ, ಸಿ ಒಣಹುಲ್ಲಿನ ಬಣ್ಣ. 32 ವರ್ಷದ್ದು ಇಷ್ಟು ತಿಳಿ ಇದ್ದರೆ ಅದರಲ್ಲಿ ಎಂತದೋ ಮೋಸ ಇರಬಹುದಾ?

ಮುರಕಲ್ಲು (ಕುಂಬಳೆ)

ಮೋಸ ಎಂತದ್ದೂ ಇಲ್ಲ ಮಾರಾಯ್ರೇ. ಒಂದೇ ಚಾಹುಡಿಯನ್ನು ಮೂರನೇ ಸಲ ಕುದಿಸಿದರೆ ಎಷ್ಟು ಹೊತ್ತು ಒಲೆ ಮೇಲಿಟ್ಟರೂ ಮೊದಲನೇ ಚಾಯದ ಬಣ್ಣ ಬರುವುದಿಲ್ಲ. ರೀಫಿಲ್ ಪೀಪಾಯಿಯದ್ದೂ ಅದೇ ಕತೆ. ಮರದ ಸಾರವನ್ನು ಹಿಂದೆ ತುಂಬಿದ ವಿಸ್ಕಿ ಎಳೆದುಕೊಂಡಾಗಿದೆ. 30 ವರ್ಷ ದಾಟಿಸಬೇಕೆಂದು ಇಟ್ಟ ವಿಸ್ಕಿಗೆ ರೀಫಿಲ್ ಒಳ್ಳೆಯದಾಗುವುದೂ ಅದಕ್ಕೇ. ಮರ ಮೈಮೇಲೆ ಬೀಳುವುದಿಲ್ಲ, ಗಾಳಿಯೊಂದಿಗೆ ನಡೆಯುವ ನಿಧಾನದ ಬದಲಾವಣೆ ಮಾತ್ರ ಮುಂದುವರಿಯುತ್ತದೆ. ಹಣ್ಣಿನ ವಾಸನೆ, ಜೇನುಮೇಣ, ಹಳೆಯ ಮರದ ಪೆಟ್ಟಿಗೆ ತೆರೆದಂಥ ವಾಸನೆ ಬರುವುದು ಅದರಿಂದ. ಬಣ್ಣ ನೋಡಿ ಪ್ರಾಯ ಹೇಳಲು ಹೋಗಬೇಡಿ. ಸ್ಕಾಚ್‌ಗೆ ಬಣ್ಣ ಸರಿದೂಗಿಸಲು ಕ್ಯಾರಮೆಲ್ ಸೇರಿಸುವುದಕ್ಕೆ ಕಾನೂನಿನಲ್ಲೇ ಅವಕಾಶ ಉಂಟು.

ಕ್ರಮ: ಸಿ, ಬಿ, ಎ. ಪ್ರಾಯ ಬಿಡಿ, ಮರದ ಜೋರು ಯಾವುದರಲ್ಲಿ ಕಡಿಮೆಯೋ ಅದು ಮೊದಲು. ಎ ಮೊದಲು ಕುಡಿದರೆ ಅದರ ಟ್ಯಾನಿನ್ (ಮರದಿಂದ ಬರುವ ಚೊಗರು) ನಾಲಿಗೆಗೆ ಅಂಟಿ ಸಿ ಬರೀ ನೀರಿನ ಹಾಗೆ ಕಾಣುತ್ತದೆ. "ಹಳೆಯದು ಸಪ್ಪೆ" ಎನ್ನುವ ಮಾತು ಹೆಚ್ಚಿನ ಸಲ ಹುಟ್ಟುವುದು ಈ ತಪ್ಪಿನಿಂದ.

ನೀರಿನ ಲೆಕ್ಕ: ಒಬ್ಬೊಬ್ಬರ 15 ಎಂ.ಎಲ್. ಅನ್ನು ಎರಡು ಪಾಲು ಮಾಡಿ. ಮೊದಲ 7.5 ಹಾಗೆಯೇ. ಎರಡನೇ 7.5ಕ್ಕೆ ಎ ಆದರೆ 1.6 ಎಂ.ಎಲ್., ಬಿ ಆದರೆ 0.8 ಎಂ.ಎಲ್. ನೀರು, ಎರಡೂ ಶೇ. 43.4ಕ್ಕೆ ಇಳಿದು ಸಿ ಜೊತೆ ಸಮ ಆಗುತ್ತವೆ. ಸಮ ಮಾಡದಿದ್ದರೆ ನೀವು ಹೋಲಿಸುವುದು ಪೀಪಾಯಿಯನ್ನಲ್ಲ, ಖಾರವನ್ನು. ಮೆಡಿಕಲ್‌ನಲ್ಲಿ ಸಿಗುವ 2 ಎಂ.ಎಲ್. ಸಿರಿಂಜ್, ಸೂಜಿ ಇಲ್ಲದೆ, ಸಾಕು. ಸಿಗೆ ಒಂದು ತೊಟ್ಟೂ ಬೇಡ. ಇಷ್ಟು ಹಳೆಯದು ನೀರು ಬಿದ್ದರೆ ಮುರಿಯುತ್ತದೆ, ಮತ್ತೆ ಸರಿ ಮಾಡಲಿಕ್ಕಾಗುವುದಿಲ್ಲ.

ಬಾವಿ ನೀರು ಬೇಡವೇ ಬೇಡ. ನಮ್ಮ ಕಡೆ ಕೆಲವು ಬಾವಿಗಳಲ್ಲಿ ಕಬ್ಬಿಣದಂಶ ಉಂಟು. ಅದು ಟ್ಯಾನಿನ್ ಜೊತೆ ಸೇರಿದರೆ ವಿಸ್ಕಿ ಹಸಿರುಗಪ್ಪಾಗುತ್ತದೆ, ಬಾಯಲ್ಲಿ ಮೊಳೆ ಚೀಪಿದ ರುಚಿ. ಮೊದಲು ಬಣ್ಣ ಕೆಡುವುದು ಎ ಗ್ಲಾಸಿನಲ್ಲೇ. ಬಾಟಲಿ ನೀರು ತನ್ನಿ.

ಸೆಕೆಗೆ: ಕೋಣೆ 33 ಡಿಗ್ರಿ ಇದ್ದರೆ ಮೂಗಿಗೆ ಮೊದಲು ಹೊಡೆಯುವುದು ಸ್ಪಿರಿಟ್ಟೇ. ಎಸಿ 24ಕ್ಕೆ ಇಡಿ. ಎಸಿ ಇಲ್ಲದಿದ್ದರೆ ಸ್ಯಾಂಪಲ್ ಬಾಟಲಿಗಳನ್ನು ತಣ್ಣೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ನಿಲ್ಲಿಸಿ. ಫ್ರಿಜ್ ಬೇಡ, ವಾಸನೆ ಮಲಗಿಬಿಡುತ್ತದೆ. ಬಾಯಿ ಕಿರಿದಾದ ಟ್ಯುಲಿಪ್ ಗ್ಲಾಸು, ಎಲ್ಲ ಒಂದೇ ಅಳತೆಯವು, ಸುರಿದ ಮೇಲೆ ತಟ್ಟೆ ಮುಚ್ಚಿ 15ರಿಂದ 20 ನಿಮಿಷ. ಅಡುಗೆಮನೆಯಲ್ಲಿ ಬಂಗುಡೆ ಮೀನು ಕಾಯಿಸುತ್ತಿದ್ದರೆ ಆ ದಿನ ಬಿಡಿ. ಮಧ್ಯೆ ನೀರು, ಉಪ್ಪು ಖಾರ ಹಾಕದ ಮಂಡಕ್ಕಿ.

ಇನ್ನು ಮರ ಮಿತಿಮೀರಿದೆಯೋ ಇಲ್ಲವೋ ಎಂದು ನೋಡುವುದು. ನುಂಗಿದ ಮೇಲೆ ಹತ್ತು ಸೆಕೆಂಡ್ ಬಿಟ್ಟು ನಾಲಿಗೆಯನ್ನು ಮೇಲಿನ ಒಸಡಿಗೆ ಉಜ್ಜಿ. ಎಳೆ ಅಡಿಕೆ ಜಗಿದ ಹಾಗೆ ಚೊಗರು ಹಿಡಿದು ಒಸಡು ಬಿಗಿದುಕೊಂಡರೆ ಪೀಪಾಯಿಯಲ್ಲಿ ಹೆಚ್ಚು ವರ್ಷ ಬಿಟ್ಟಿದ್ದಾರೆ ಎಂದರ್ಥ. ಎ ಇದರಲ್ಲಿ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಬಿಯಲ್ಲಿ ಕೊಬ್ಬರಿ, ವೆನಿಲ್ಲಾ ಹುಡುಕಿ. ಕೊಬ್ಬರಿ ವಾಸನೆ ಕೊಡುವ ಲ್ಯಾಕ್ಟೋನ್ ಎಂಬ ಅಂಶ ಅಮೆರಿಕನ್ ಓಕ್‌ನಲ್ಲಿ (ಓಕ್ ಎಂದರೆ ಪೀಪಾಯಿ ಮಾಡುವ ಮರ) ಜಾಸ್ತಿ. ಲವಂಗ, ಒಣದ್ರಾಕ್ಷಿ, ಚೊಗರು ಯುರೋಪಿಯನ್ ಓಕ್ ಶೆರ್ರಿ ಪೀಪಾಯಿಯ ಕಡೆಯವು.

ರಾತ್ರಿ ರೈಲು (ಮಂಜೇಶ್ವರ)

ಮೇಲಿನದ್ದೆಲ್ಲ ಸರಿ, ಒಂದು ತಕರಾರು. ಮೂರು ಬೇರೆ ಬೇರೆ ಡಿಸ್ಟಿಲರಿಯ ಮಾಲಾದರೆ ವ್ಯತ್ಯಾಸ ಪೀಪಾಯಿಯದ್ದೋ, ಮೂಲ ಸ್ಪಿರಿಟ್‌ನದ್ದೋ (ಪೀಪಾಯಿಗೆ ತುಂಬುವ ಮೊದಲಿನ ಮದ್ಯ) ಎಂದು ಹೇಳುವುದು ಹೇಗೆ? ಶುದ್ಧ ಹೋಲಿಕೆ ಬೇಕಾದರೆ ಬೋಮೋರ್ 1964 ನೋಡಿ. ಐಲಾ ದ್ವೀಪದ ಒಂದೇ ಡಿಸ್ಟಿಲರಿ, ಒಂದೇ ವರ್ಷದ ಸ್ಪಿರಿಟ್. ಒಲೊರೊಸೊ ಪೀಪಾಯಿಯ 42 ವರ್ಷದ ಬ್ಲ್ಯಾಕ್ 2007ರಲ್ಲಿ (ಶೇ. 40.5), ಬರ್ಬನ್ ಪೀಪಾಯಿಯ 43 ವರ್ಷದ ವೈಟ್ 2008ರಲ್ಲಿ (ಶೇ. 42.8), ಎರಡೂ ಬೆರೆತ 44 ವರ್ಷದ ಗೋಲ್ಡ್ 2009ರಲ್ಲಿ (ಶೇ. 42.4). ಅದು ನಮ್ಮ ಕಿಸೆಗೆ ಎಟುಕುವುದಲ್ಲ, ಆದರೆ ಅಂಕಿ ನೋಡಿ: ಎಲ್ಲವೂ 40ರ ಅಂಚಿನಲ್ಲಿ. ಪೀಪಾಯಿಗೆ ಸಾಮಾನ್ಯವಾಗಿ ಶೇ. 63.5ರ ಹತ್ತಿರ ತುಂಬಿಸುತ್ತಾರೆ. ಸ್ಕಾಟ್ಲೆಂಡಿನ ತಂಪು, ತೇವದ ಗೋದಾಮಿನಲ್ಲಿ ನೀರಿಗಿಂತ ಆಲ್ಕೋಹಾಲ್ ಬೇಗ ಹೋಗುತ್ತದೆ. 40ರ ಕೆಳಗೆ ಇಳಿದರೆ ಅದನ್ನು ಸ್ಕಾಚ್ ಎಂದು ಮಾರುವಂತಿಲ್ಲ.

ಲೇಬಲ್ ಪರೀಕ್ಷೆಗೆ ಬಾಟಲಿ ಸಂಖ್ಯೆಯೂ ಉಪಯೋಗ. ವರ್ಷಕ್ಕೆ ಶೇ. 2 ಆವಿಯಾದರೆ 30 ವರ್ಷಕ್ಕೆ ಉಳಿಯುವುದು ಸುಮಾರು ಶೇ. 54. ಹಾಗ್ಸ್‌ಹೆಡ್ 250 ಲೀಟರ್. ಉಳಿದದ್ದು 136 ಲೀಟರ್, 700 ಎಂ.ಎಲ್.ನ ಬಾಟಲಿ 195ರ ಆಸುಪಾಸು. ಬಟ್ 500 ಲೀಟರ್, ಅದರಿಂದ 390. "30 ವರ್ಷ, ಒಂದೇ ಹಾಗ್ಸ್‌ಹೆಡ್, 500 ಬಾಟಲಿ" ಎಂದು ಕಂಡರೆ ಕೇಳಲೇಬೇಕು, ಉಳಿದದ್ದು ಎಲ್ಲಿಂದ ಬಂತು ಅಂತ. "ಫಿನಿಶ್" ಎಂಬ ಪದವನ್ನೂ ಹುಡುಕಿ. ಹೆಚ್ಚಿನ ವರ್ಷ ಬರ್ಬನ್‌ನಲ್ಲಿದ್ದು ಕೊನೆಗೆ ಕೆಲವು ತಿಂಗಳು ಶೆರ್ರಿಗೆ ಹೋದದ್ದನ್ನು ಎ ಪಕ್ಕ ಇಟ್ಟು ಹೋಲಿಸಿದರೆ ಅರ್ಥ ಇಲ್ಲ.

ಶೆರ್ರಿ ಬಟ್ ಎಂದ ಕೂಡಲೇ ಯುರೋಪಿಯನ್ ಓಕ್ ಎಂದೂ ತಿಳಿಯಬೇಡಿ ಮುರಕಲ್ಲು ಅವರೇ. ಅಮೆರಿಕನ್ ಓಕ್‌ನಲ್ಲಿ ಮಾಡಿ ಶೆರ್ರಿ ತುಂಬಿ ಪಳಗಿಸಿದವೂ ಬೇಕಾದಷ್ಟಿವೆ. ಎಯಲ್ಲಿ ಒಣದ್ರಾಕ್ಷಿ ಜೊತೆ ಕೊಬ್ಬರಿಯೂ ಬಂದರೆ ಹಾಗಿರಬಹುದು.

ಹೊಸೂರು 635

ಪ್ರಾಯದ ಅಂಕಿಯನ್ನೇ ಹಿಡಿದು ಕೂರುವವರಿಗೆ: ನಮ್ಮ ಪಕ್ಕದ ಬೆಂಗಳೂರಿನಲ್ಲಿ ವಿಸ್ಕಿ ಮಾಡುವ ಅಮೃತ್‌ನವರ ಪೀಪಾಯಿಯಿಂದ ವರ್ಷಕ್ಕೆ ಶೇ. 10ರಿಂದ 12 ಆವಿಯಾಗುತ್ತದೆ. ಶೇ. 11 ಎಂದರೂ 12 ವರ್ಷಕ್ಕೆ ಉಳಿಯುವುದು ಕಾಲು ಭಾಗ. ಅವರ ಗ್ರೀಡಿ ಏಂಜೆಲ್ಸ್ ಎಂಬ ವಿಸ್ಕಿ 8 ವರ್ಷಕ್ಕೇ ದೊಡ್ಡ ಸುದ್ದಿ ಆದದ್ದು ಸುಮ್ಮನೆ ಅಲ್ಲ. ಆದರೆ ಇದು ಸ್ಕಾಟ್ಲೆಂಡಿನ 30 ವರ್ಷಕ್ಕೆ ಸಮ ಎನ್ನುವುದು ಅಂಗಡಿ ಮಾತು. ಸೆಕೆಗೆ ಮರದ ಸಾರ ಬೇಗ ಇಳಿಯುತ್ತದೆ ನಿಜ, ಮುರಕಲ್ಲು ಹೇಳಿದ ನಿಧಾನದ ಬದಲಾವಣೆಗೆ ಅಷ್ಟು ವರ್ಷ ಸಿಕ್ಕಿರುವುದಿಲ್ಲ. ಹೊಸ ಓಕ್‌ನಲ್ಲಿ ಹತ್ತು ವರ್ಷ ಇಲ್ಲಿ ಬಿಟ್ಟರೆ ಹಲಗೆ ನೆಕ್ಕಿದ ಹಾಗಿರುತ್ತದೆ.

ಬದಿಯಡ್ಕದವ

ಎಲ್ಲರಿಗೂ ವಂದನೆ. ಎರಡು ಚಿಲ್ಲರೆ ಪ್ರಶ್ನೆ. ಎ ಮುಚ್ಚಳ ತೆರೆದಾಗ ಕಡ್ಡಿ ಗೀರಿದ ವಾಸನೆ. ಮತ್ತೆ ಬಿಯ ಮೂಲ ಬಾಟಲಿಯ ಕಾರ್ಕ್ ತಿರುಗಿಸುವಾಗ ಮುರಿದು ಅರ್ಧ ಒಳಗೆ ಬಿತ್ತಂತೆ. ಅದರಲ್ಲಿ ಇನ್ನೂ ಅರ್ಧ ಬಾಟಲಿ ಉಂಟು.

ಮುರಕಲ್ಲು (ಕುಂಬಳೆ)

ಕಡ್ಡಿ ವಾಸನೆ ಗಂಧಕದ್ದು. ಖಾಲಿ ಶೆರ್ರಿ ಪೀಪಾಯಿ ಹಾಳಾಗದಿರಲಿ ಎಂದು ಒಳಗೆ ಗಂಧಕದ ಬತ್ತಿ ಉರಿಸುತ್ತಿದ್ದರು, ಅದರ ಉಳಿಕೆ ಇರಬಹುದು. ಅರ್ಧ ಗಂಟೆ ತೆರೆದಿಟ್ಟು ನೋಡಿ. ಹೋಗದಿದ್ದರೆ 5 ಎಂ.ಎಲ್. ಬೇರೆ ತೆಗೆದು, ಹುಳಿ ಹಾಕಿ ಉಜ್ಜಿ ತೊಳೆದ ತಾಮ್ರದ ತಂತಿಯನ್ನು ಒಂದು ನಿಮಿಷ ಅದ್ದಿ ಮೂಸಿ. ವಾಸನೆ ಇಳಿದರೆ ಗಂಧಕವೇ. ಆ 5 ಎಂ.ಎಲ್. ಚೆಲ್ಲಿಬಿಡಿ, ಕುಡಿಯಲಿಕ್ಕಲ್ಲ.

ಕಾರ್ಕ್ ತುಂಡು ಒಳಗೇ ಬಿಡಬೇಡಿ. ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ, 100 ಎಂ.ಎಲ್.ನ ಗಾಜಿನ ಬಾಟಲಿಗಳಿಗೆ ಕುತ್ತಿಗೆಯವರೆಗೆ ತುಂಬಿಸಿ. ಗಾಳಿಗೆ ಜಾಗ ಕಡಿಮೆ ಇದ್ದಷ್ಟು ಒಳ್ಳೆಯದು. ಪ್ಲಾಸ್ಟಿಕ್ ಬೇಡ. ವಿಸ್ಕಿ ಬಾಟಲಿ ಯಾವತ್ತೂ ನಿಲ್ಲಿಸಿಯೇ ಇಡಬೇಕು. ವೈನಿನ ಹಾಗೆ ಮಲಗಿಸಿದರೆ ಆಲ್ಕೋಹಾಲ್ ಕಾರ್ಕನ್ನು ತಿನ್ನುತ್ತದೆ.

ರಾತ್ರಿ ರೈಲು (ಮಂಜೇಶ್ವರ)

ಮುಂದಿನ ಬಾಟಲಿ ಮಂಗಳೂರಿನಲ್ಲಿ ಸಿಕ್ಕಿತೆಂದು ಪರವಾನಗಿ ಇಲ್ಲದೆ ತಲಪಾಡಿ ಗಡಿ ದಾಟಿಸಲು ಹೋಗಬೇಡಿ, ಕೇರಳದಲ್ಲಿ ಅದು ಅಬಕಾರಿ ಕೇಸು. ವಿದೇಶದಿಂದ ಬರುವವರಿಗೆ ಡ್ಯೂಟಿ ಫ್ರೀ 2 ಲೀಟರ್. ಬಿಲ್ಲನ್ನು ಬಾಟಲಿ ಜೊತೆಯೇ ಇಟ್ಟುಕೊಳ್ಳಲು ಹೇಳಿ.