ಡಿಎಂಡಿ ಚಿಪ್ ಬದಲಾಯಿಸಿದೆ, ಬಿಳಿ ಚುಕ್ಕೆ ಹೋಯ್ತು, ಜೊತೆಗೆ ಚಿತ್ರವೂ ಹೋಯ್ತು

ಪರದೆಪ್ರಿಯ:
ರಿಯರ್ ಪ್ರೊಜೆಕ್ಷನ್ ಟೀವಿ, ಅಂದ್ರೆ ಪರದೆಗೆ ಹಿಂದಿನಿಂದ ಚಿತ್ರ ಬಿಡುವ ಥರದ್ದು. ಡಿಎಲ್‌ಪಿ, ಪುಟ್ಟ ಕನ್ನಡಿಗಳ ಚಿಪ್‌ನಿಂದ ಚಿತ್ರ ಮೂಡಿಸುತ್ತೆ. ಮೊದಲು ಪರದೆ ಮೇಲೆ ಒಂದೆರಡು ಬಿಳಿ ಚುಕ್ಕೆ ಇದ್ದವು. ಬರಬರುತ್ತಾ ಸಾಸಿವೆ ಚೆಲ್ಲಿದ ಹಾಗಾಯಿತು. ಆ ಕನ್ನಡಿ ಚಿಪ್, ಅಂದ್ರೆ ಡಿಎಂಡಿ, ಬದಲಾಯಿಸಿದರೆ ಸರಿಹೋಗುತ್ತೆ ಅಂತ ಎಲ್ಲರೂ ಹೇಳಿದರು. ತರಿಸಿ ಹಾಕಿದೆ. ಎಲ್ಲಾ ಸರಿಯಾಗೇ ಜೋಡಿಸಿದ್ದೇನೆ. ಈಗ ಸೌಂಡ್ ಬರುತ್ತದೆ, ಚಿತ್ರ ಇಲ್ಲ. ತಲೆ ಕೆಟ್ಟುಹೋಗಿದೆ. ಯಾರಾದರೂ ಬೇಗ ಹೇಳಿ.

ಲ್ಯಾಂಪ್ ಮಾಸ್ತರ್:
ಸೌಂಡ್ ಇದೆ, ಚಿತ್ರ ಇಲ್ಲ ಅಂದ್ರೆ ಲ್ಯಾಂಪ್. ಬೇರೆ ಯೋಚನೆಯೇ ಬೇಡ. ಬಿಚ್ಚಿ ಹಾಕಿದ ಮೇಲೆ ಲ್ಯಾಂಪ್ ಬಾಗಿಲು ಪೂರ್ತಿ ಮುಚ್ಚಿದ್ದೀರಾ? ಅಲ್ಲೊಂದು ಪುಟ್ಟ ಸ್ವಿಚ್ ಇರುತ್ತದೆ. ಅದು ಒತ್ತಿಕೊಳ್ಳದಿದ್ದರೆ ಲ್ಯಾಂಪ್ ಹೊತ್ತುವುದೇ ಇಲ್ಲ.

ಬೆಸುಗೆರಾಯ:
ಮಾಡೆಲ್ ಯಾವುದು? ಚಿಪ್ ಮೇಲಿನ ನಂಬರ್ ಏನು? ಪಿನ್ ಇರುವುದಾ, ಚಿನ್ನದ ಬಣ್ಣದ ಪ್ಯಾಡ್ ಇರುವುದಾ? ಚಿತ್ರ ಇಲ್ಲ ಅಂದರೆ ಪೂರ್ತಿ ಕತ್ತಲೆಯಾ, ಅಥವಾ ಬೆಳಕಿದ್ದು ಚಿತ್ರ ಮಾತ್ರ ಇಲ್ಲವಾ? ಎರಡಕ್ಕೂ ಮದ್ದು ಬೇರೆ.

ಪರದೆಪ್ರಿಯ:
1080 ಸೆಟ್, ಮಾಮೂಲಿಯದ್ದೇ. ಚಿಪ್ ಸರಿಯಾದದ್ದೇ ತರಿಸಿರೋದು, ಅದರಲ್ಲಿ ಡೌಟ್ ಬೇಡ. ಬಾಗಿಲು ಮುಚ್ಚಿದೆ.

ಲ್ಯಾಂಪ್ ಮಾಸ್ತರ್:
ಹಾಗಾದ್ರೆ ಬ್ಯಾಲಸ್ಟ್, ಲ್ಯಾಂಪ್‌ಗೆ ಕರೆಂಟ್ ಕೊಡೋ ಬೋರ್ಡ್. ಲ್ಯಾಂಪ್ ಹೊತ್ತಿಸೋಕೆ ಅದು ಕ್ಷಣಮಾತ್ರ ಸಾವಿರಾರು ವೋಲ್ಟ್ ಕೊಡಬೇಕು. ಆನ್ ಮಾಡಿದಾಗ ಟಿಕ್ ಟಿಕ್ ಅಂತ ಸದ್ದು ಬರುತ್ತಾ ಕೇಳಿ. ಲ್ಯಾಂಪ್ ಗಾಜಿಗೆ ಬರಿಗೈ ತಾಗಿಸಿದ್ದೀರಾ? ಹೊಸ ಲ್ಯಾಂಪ್ ಹಾಕಿ ನೋಡಿಬಿಡಿ.

ಮೂರು ಟ್ಯೂಬು:
ಇದಕ್ಕೇ ನಾನು ಸಿಆರ್‌ಟಿ, ಅಂದ್ರೆ ಹಳೇ ಪಿಕ್ಚರ್ ಟ್ಯೂಬ್ ಪ್ರೊಜೆಕ್ಷನ್ ಸೆಟ್, ಬಿಟ್ಟು ಬರಲಿಲ್ಲ. ಕೆಂಪು, ಹಸಿರು, ನೀಲಿ, ಮೂರಕ್ಕೆ ಮೂರು ಟ್ಯೂಬ್. ಲ್ಯಾಂಪ್ ಇಲ್ಲ, ಗಿರಗಿರ ತಿರುಗುವ ಬಣ್ಣದ ಚಕ್ರ ಇಲ್ಲ. ಕಪ್ಪು ಅಂದ್ರೆ ಕಪ್ಪು. ಗೆರೆ ಬಿಲ್ಲಿನ ಹಾಗೆ ಬಾಗಿತು ಅಂದ್ರೆ ಮೂರು ಬಣ್ಣವನ್ನೂ ಒಂದೇ ಕಡೆ ಕೂಡಿಸೋ ಕನ್ವರ್ಜೆನ್ಸ್ ಐಸಿ ಹೋಗಿದೆ ಅಂತ ಕಣ್ಣು ಮುಚ್ಚಿ ಹೇಳಬಹುದು. ಆ ಐಸಿ ಎರಡನ್ನೂ ಬದಲಾಯಿಸಿ, ಪಕ್ಕದ ರೆಸಿಸ್ಟರ್ ಚೆಕ್ ಮಾಡಿದೆ. ಟ್ಯೂಬ್‌ಗಳ ಕೂಲಂಟ್ ಕೂಡ ಹೊಸದು. ನನ್ನ ಸೆಟ್ ಮುಂದೆ ನಿಂತವರು ಈಗಿನ ಟೀವಿ ಬೈತಾರೆ.

ಬೆಸುಗೆರಾಯ:
ಸಂತೋಷ ಸಾರ್. ಆದರೆ ಇವರ ಟೀವಿಯಲ್ಲಿ ಟ್ಯೂಬೇ ಇಲ್ಲವಲ್ಲ.

ಧೂಳಪ್ಪ:
ಚಿಪ್ ಬದಲಾಯಿಸೋ ಅಗತ್ಯವೇ ಇರಲಿಲ್ಲ. ಬಿಳಿ ಚುಕ್ಕೆ ಅಂದ್ರೆ ಧೂಳು. ಬ್ಲೋವರ್ ಹಿಡಿದಿದ್ದರೆ ಮುಗೀತಿತ್ತು.

ಬೆಸುಗೆರಾಯ:
ಇಲ್ಲ ಧೂಳಪ್ಪ. ಧೂಳು ಬೆಳಕನ್ನು ತಡೆಯುತ್ತದೆ. ಅದರ ನೆರಳು ಸಾಮಾನ್ಯವಾಗಿ ಮಸುಕಾಗಿ ಕಾಣುತ್ತದೆ. ಚೂಪಾದ ಬಿಳಿ ಚುಕ್ಕೆ ಅಂದರೆ ಚಿಪ್‌ನೊಳಗಿನ ಕನ್ನಡಿ ಸಿಕ್ಕಿಹಾಕಿಕೊಂಡಿದೆ ಅಂತ. ಒಂದೊಂದು ಕನ್ನಡಿಯೂ ಆ ಕಡೆ 12 ಡಿಗ್ರಿ, ಈ ಕಡೆ 12 ಡಿಗ್ರಿ ವಾಲಬೇಕು. ಬೆಳಕಿನ ಕಡೆ ವಾಲಿ ಅಲ್ಲೇ ನಿಂತುಬಿಟ್ಟರೆ ಬಿಳಿ ಚುಕ್ಕೆ, ಇನ್ನೊಂದು ಕಡೆ ನಿಂತರೆ ಕಪ್ಪು ಚುಕ್ಕೆ. ಗಾಳಿ ಊದಿದರೆ ಅದು ಬಿಡುವುದಿಲ್ಲ.

ಪಿಕ್ಸೆಲ್ ಪೋಲೀಸ್:
1080 ಅಂತ ಹೆಸರಿಗಷ್ಟೇ. ಆ ಸೆಟ್‌ಗಳಲ್ಲಿ ಬಹಳಷ್ಟರ ಚಿಪ್‌ನಲ್ಲಿ ಇರೋದು 960 x 1080 ಕನ್ನಡಿ. ಚಿತ್ರವನ್ನು ಅರ್ಧ ಪಿಕ್ಸೆಲ್ ಆಚೆ ಈಚೆ ಅಲುಗಾಡಿಸಿ 1920 ಮಾಡ್ತಾರೆ. ಒಂದು ಕನ್ನಡಿ ಸತ್ತರೆ ಎರಡು ಪಿಕ್ಸೆಲ್ ಹೋಗುತ್ತೆ.

ಮೂರು ಟ್ಯೂಬು:
ಹೇಳಲಿಲ್ವಾ ನಾನು!

ಪಿಕ್ಸೆಲ್ ಪೋಲೀಸ್:
ನಿಮ್ಮ ಟ್ಯೂಬ್‌ನಲ್ಲಿ 1080 ಗೆರೆ ಬಿಡಿಬಿಡಿಯಾಗಿ ಕಾಣುತ್ತಾ? ಸುಮ್ನೆ ಇರಿ.

ಪರದೆಪ್ರಿಯ:
ಅಯ್ಯೋ, ನನ್ನ ಟೀವಿ ಬಗ್ಗೆ ಮಾತಾಡಿ ಪುಣ್ಯಾತ್ಮರೇ. ಪರದೆ ಕತ್ತಲೆ ಇಲ್ಲ. ಬೂದು ಬಣ್ಣಕ್ಕೆ ಬೆಳಗುತ್ತದೆ, ಮೇಲಿಂದ ಕೆಳಗೆ ಗೆರೆಗಳು. ಮೆನು ಕೂಡ ಕಾಣಲ್ಲ. ಚಿಪ್ ಪ್ಯಾಡ್ ಇರುವ ಥರದ್ದು, ನಂಬರ್ ಕೊನೆಗೆ 6145, ಹಳೆಯದು 6143.

ಬೆಸುಗೆರಾಯ:
ಬೆಳಕು ಪರದೆಗೆ ಬರುತ್ತಿದೆ ಅಂದ ಮೇಲೆ ಲ್ಯಾಂಪ್, ಬ್ಯಾಲಸ್ಟ್ ಎರಡೂ ಬದುಕಿವೆ. ಹೊಸ ಲ್ಯಾಂಪ್ ಕೊಳ್ಳಬೇಡಿ. ನಂಬರ್ ಬೇರೆಯಾದರೂ 6143 ಜಾಗಕ್ಕೆ 6145 ಹೊಂದುತ್ತದೆ. ಉದ್ದ ಗೆರೆ ಬಂದರೆ ಬೋರ್ಡ್‌ನಿಂದ ಚಿಪ್‌ಗೆ ಹೋಗುವ ಕೆಲವು ಡೇಟಾ ಲೈನ್ ತಾಗುತ್ತಿಲ್ಲ ಅಂತ ಅನುಮಾನ ಪಡಬೇಕು. ಪಿನ್ ಇರುವ ಚಿಪ್ ಆಗಿದ್ದರೆ ಸಾಕೆಟ್‌ನ ಲಾಕ್ ಸ್ಕ್ರೂ ನೋಡಿ ಅನ್ನುತ್ತಿದ್ದೆ. ಪ್ಯಾಡ್ ಚಿಪ್‌ನಲ್ಲಿ ಎಲ್ಲವೂ ಒತ್ತಡದ ಮೇಲೆ ನಿಂತಿದೆ. ಚಿಪ್‌ನ ಬಿಸಿ ಎಳೆಯುವ ಹೀಟ್‌ಸಿಂಕ್‌ಗೆ ಥರ್ಮಲ್ ಪೇಸ್ಟ್, ಅಂದರೆ ಬಿಸಿ ದಾಟಿಸುವ ಲೇಪ, ಎಷ್ಟು ಹಾಕಿದಿರಿ?

ಪರದೆಪ್ರಿಯ:
ಧಾರಾಳವಾಗಿ. ಬಿಸಿಗೇ ಹಳೇ ಚಿಪ್ ಹೋಗಿದ್ದು ಅಂತ ಓದಿದ್ದೆ.

ಬೆಸುಗೆರಾಯ:
ಹೀಟ್‌ಸಿಂಕ್‌ನ ಗುಬಟು ಬೋರ್ಡ್‌ನ ತೂತಿನೊಳಗೆ ತೂರಿ ಚಿಪ್ ಬೆನ್ನಿಗೆ ತಾಗುತ್ತದೆ. ಸುತ್ತಲೂ ಇರುವುದೇ ಆ ಪ್ಯಾಡ್‌ಗಳು. ಪೇಸ್ಟ್ ಜಾಸ್ತಿಯಾದರೆ ಹಿಂಡಿಕೊಂಡು ಅವುಗಳ ಮೇಲೇ ಹರಡುತ್ತದೆ. ಪ್ಲಗ್ ಕಿತ್ತು, ಲ್ಯಾಂಪ್ ತಣ್ಣಗಾಗಲು ಬಿಟ್ಟು, ಚಿಪ್ ತೆಗೆದು ನೋಡಿ.

ಲ್ಯಾಂಪ್ ಮಾಸ್ತರ್:
ಪೇಸ್ಟ್‌ನಿಂದ ಗೆರೆ ಬರಲ್ಲ. ಅದು ಕರೆಂಟ್ ಹರಿಸಲ್ಲ, ಶಾರ್ಟ್ ಹೇಗಾಗುತ್ತೆ?

ಬೆಸುಗೆರಾಯ:
ಶಾರ್ಟ್ ಅಂತ ಯಾರು ಹೇಳಿದ್ದು? ಕರೆಂಟ್ ಹರಿಸದೇ ಇರುವುದೇ ಇಲ್ಲಿ ತೊಂದರೆ. ಪ್ಯಾಡ್‌ಗೂ ಸಾಕೆಟ್ ಸ್ಪ್ರಿಂಗ್‌ಗೂ ನಡುವೆ ಕೂತರೆ ಸಿಗ್ನಲ್ ದಾಟುವುದಿಲ್ಲ.

ಧೂಳಪ್ಪ:
ನಾನು ಪೇಸ್ಟ್ ಬದಲು ಬಿಸಿ ದಾಟಿಸೋ ಮೆತ್ತನೆ ಹಾಳೆ, ಥರ್ಮಲ್ ಪ್ಯಾಡ್, ಹಾಕ್ತೀನಿ, ಶುಚಿಯಾಗಿರುತ್ತೆ.

ಪಿಕ್ಸೆಲ್ ಪೋಲೀಸ್:
ದಪ್ಪ ಥರ್ಮಲ್ ಪ್ಯಾಡ್ ಹಾಕಿ ಸ್ಕ್ರೂ ಬಿಗಿದರೆ ಚಿಪ್ ಮೇಲೆ ಒತ್ತಡ ಏರುಪೇರಾಗುತ್ತೆ. ಯಾರೂ ಹೀಗೆ ಮಾಡಬೇಡಿ.

ಪರದೆಪ್ರಿಯ:
ತೆಗೆದೆ. ಒಂದು ಬದಿಯ ಪ್ಯಾಡ್ ಸಾಲಿನ ಮೇಲೆ ಬೂದು ಪೇಸ್ಟ್ ಉದ್ದಕ್ಕೆ ಮೆತ್ತಿಕೊಂಡಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದೆ. ಸಾಕೆಟ್ ಸ್ಪ್ರಿಂಗ್‌ಗಳನ್ನು ಮೆತ್ತನೆ ಬ್ರಷ್‌ನಿಂದ, ತುಂಬಾ ನಿಧಾನವಾಗಿ. ಈ ಸಲ ಅಕ್ಕಿಕಾಳಿನಷ್ಟೇ ಪೇಸ್ಟ್. ಸ್ಕ್ರೂಗಳನ್ನು ಎದುರುಬದುರು, ಸ್ವಲ್ಪಸ್ವಲ್ಪವೇ ಬಿಗಿದೆ. ಚಿತ್ರ ಬಂತು! ಚುಕ್ಕೆ ಒಂದೂ ಇಲ್ಲ. ಆದರೆ ಎಡಗಡೆ ಬೆರಳಗಲದ ಉದ್ದ ಪಟ್ಟಿ, ಅದರಲ್ಲಿ ಬಣ್ಣ ಕಲಸಿಹೋಗಿದೆ.

ಬೆಸುಗೆರಾಯ:
ಇನ್ನೊಮ್ಮೆ ತೆಗೆದು ಕೂರಿಸಿ. ಪಟ್ಟಿ ಜಾಗ ಬದಲಿಸಿದರೆ ಅಥವಾ ಅಗಲ ಹೆಚ್ಚುಕಮ್ಮಿಯಾದರೆ ಇನ್ನೂ ಕೊಳೆ ಇದೆ. ಅಲ್ಲೇ, ಅಷ್ಟೇ ಇದ್ದರೆ ಹಳೇ ಚಿಪ್ ಹಾಕಿ ನೋಡಿ. ಅದರಲ್ಲೂ ಪಟ್ಟಿ ಬಂದರೆ ಬೋರ್ಡ್ ಅಥವಾ ಸಾಕೆಟ್. ಬರದಿದ್ದರೆ ಹೊಸ ಚಿಪ್ಪೇ ಕಳ್ಳ.

ಪರದೆಪ್ರಿಯ:
ಅಲ್ಲೇ ಇದೆ, ಕದಲಿಲ್ಲ. ಹಳೇ ಚಿಪ್ ಹಾಕಿದರೆ ಚುಕ್ಕೆಗಳೆಲ್ಲ ವಾಪಸ್, ಪಟ್ಟಿ ಇಲ್ಲ.

ಬೆಸುಗೆರಾಯ:
ಹಾಗಾದರೆ ಹೊಸ ಚಿಪ್. ಅದು ನಿಜಕ್ಕೂ ಹೊಸದಾ?

ಪರದೆಪ್ರಿಯ:
ಬೇರೆ ಸೆಟ್‌ನಿಂದ ಬಿಚ್ಚಿದ್ದು, ಟೆಸ್ಟ್ ಮಾಡಿದ್ದೀವಿ ಅಂದಿದ್ದರು. ಅದರಿಂದ ಏನಾಗುತ್ತೆ?

ಬೆಸುಗೆರಾಯ:
ಎಲ್ಲಾ ಅದರಿಂದಲೇ. ವಾಪಸ್ ಕಳಿಸಿ, ಪ್ಯಾಕ್ ಒಡೆಯದ ಹೊಸದನ್ನೇ ಕೇಳಿ. ಅದು ಬರುವಷ್ಟರಲ್ಲಿ ಚಿಪ್ ಫ್ಯಾನ್ ಸರಿಯಾಗಿ ತಿರುಗುತ್ತಿದೆಯಾ ನೋಡಿಡಿ. ಗಾಳಿ ದಾರಿ ಕಟ್ಟಿದ್ದರೆ ಹೊಸ ಚಿಪ್ಪೂ ಬೇಗ ಹೋಗುತ್ತದೆ. ಧೂಳಪ್ಪನ ಬ್ಲೋವರ್ ಅಲ್ಲಿಗೆ ಬೇಕು.

ನೇರಳೆಮಲ್ಲ:
ನನಗೂ ಇದೇ ಪ್ರಾಬ್ಲಂ. ಎಲ್‌ಸಿಡಿ ಪ್ರೊಜೆಕ್ಷನ್ ಸೆಟ್, ಮಧ್ಯದಲ್ಲಿ ನೇರಳೆ ಕಲೆ ಹರಡುತ್ತಿದೆ. ನಾನೂ ಪೇಸ್ಟ್ ಒರೆಸಲಾ?

ಬೆಸುಗೆರಾಯ:
ಬೇಡ! ನಿಮ್ಮದರಲ್ಲಿ ಡಿಎಂಡಿಯೇ ಇಲ್ಲ. ಬೆಳಕು ಸೋಸುವ ಪೋಲರೈಸರ್ ಹಾಳೆ ಸುಟ್ಟಿರಬಹುದು. ಹೊಸ ಚರ್ಚೆ ತೆರೆಯಿರಿ. ಮಾಡೆಲ್ ನಂಬರ್ ಹಾಕಿ, ಪರದೆಯ ಫೋಟೋ ಹಾಕಿ.

ಲ್ಯಾಂಪ್ ಮಾಸ್ತರ್:
ಲ್ಯಾಂಪ್ ಎಷ್ಟು ಗಂಟೆ ಓಡಿದೆ ಅಂತಾನೂ ಹಾಕಿ.